ಸಾಕೋ, ಸಾಲದೋ? ಜಿಮ್ಯಾಟ್‌ನ ಡೇಟಾ ಸಫಿಷಿಯೆನ್ಸಿ ಪ್ರಶ್ನೆಗಳನ್ನು ಬಿಡಿಸುವ ಬಗೆ

ಒಂದು ಪುಟ್ಟ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಆರಂಭಿಸುತ್ತೇನೆ.

ಎಕ್ಸ್‌ನ ಬೆಲೆ ಎಷ್ಟು?
(1) ಎಕ್ಸ್‌ನ ವರ್ಗ 49.
(2) ಎಕ್ಸ್ ಸೊನ್ನೆಗಿಂತ ಕಡಿಮೆ.

ಶಾಲೆಯ ಗಣಿತದಲ್ಲಿ ಪಳಗಿದ ಕೈ ತಕ್ಷಣ ಮೈನಸ್ 7 ಎಂದು ಬರೆದುಬಿಡುತ್ತದೆ. ಲೆಕ್ಕವೇನೋ ಸರಿ, ಆದರೆ ಪರೀಕ್ಷೆ ಕೇಳಿದ್ದು ಅದನ್ನಲ್ಲ. ಮೈನಸ್ 7 ಎಂಬ ಸಂಖ್ಯೆ ಉತ್ತರದ ಆಯ್ಕೆಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪರೀಕ್ಷೆಗೆ ಬೇಕಾಗಿರುವುದು ಬೇರೆ: ಈ ಬೆಲೆಯನ್ನು ಹೇಳಲು ಮೊದಲ ಹೇಳಿಕೆಯೊಂದೇ ಸಾಕೇ? ಎರಡನೆಯದೊಂದೇ ಸಾಕೇ? ಎರಡನ್ನೂ ಸೇರಿಸಿದರೆ ಸಾಕೇ? ಸೇರಿಸಿದರೂ ಸಾಲದೇ?

ಡೇಟಾ ಸಫಿಷಿಯೆನ್ಸಿ ಎಂದರೆ ಇಷ್ಟೇ. ‘ಸಾಕು’, ‘ಸಾಲದು’ ಎಂಬ ನಮ್ಮ ಎರಡು ದಿನಬಳಕೆಯ ಪದಗಳ ನಡುವೆಯೇ ಇದರ ಪೂರ್ತಿ ವ್ಯವಹಾರ ನಡೆಯುತ್ತದೆ. ಆದರೂ ಲೆಕ್ಕದಲ್ಲಿ ಗಟ್ಟಿಗರಾದವರೇ ಇಲ್ಲಿ ಮತ್ತೆ ಮತ್ತೆ ಎಡವುವುದನ್ನು ನಾನು ನೋಡಿದ್ದೇನೆ. ಅವರಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಇಲ್ಲಿ ಲೆಕ್ಕಿಗನ ಕೆಲಸಕ್ಕಿಂತ ನ್ಯಾಯಾಧೀಶನ ಕೆಲಸ ಹೆಚ್ಚು, ಆ ಪಾತ್ರ ಬದಲಾವಣೆಯನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ನ್ಯಾಯಾಧೀಶ ಅಪರಾಧವನ್ನು ತಾನೇ ಪತ್ತೆ ಮಾಡಲು ಹೊರಡುವುದಿಲ್ಲ. ಮುಂದಿರುವ ಸಾಕ್ಷ್ಯದಿಂದ ಒಂದೇ ತೀರ್ಮಾನಕ್ಕೆ ಬರಲು ಸಾಧ್ಯವೇ ಎಂದು ತೂಗಿ ನೋಡುತ್ತಾನೆ.

ಮೊದಲು ಹಿನ್ನೆಲೆಯನ್ನು ಬೇಗ ಮುಗಿಸಿಬಿಡೋಣ. ಬಿಸಿನೆಸ್ ಸ್ಕೂಲ್ ಪ್ರವೇಶಕ್ಕಾಗಿ 1954ರಿಂದ ನಡೆದು ಬಂದಿರುವ ಜಿಮ್ಯಾಟ್ ಪರೀಕ್ಷೆಯ ಇಂದಿನ ರೂಪ 2023ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಅದಕ್ಕೂ ಮೊದಲು ಡೇಟಾ ಸಫಿಷಿಯೆನ್ಸಿ ಗಣಿತ ವಿಭಾಗದ ಭಾಗವಾಗಿತ್ತು. ಈಗ ಅದು ಡೇಟಾ ಇನ್‌ಸೈಟ್ಸ್ ಎಂಬ ವಿಭಾಗಕ್ಕೆ ಸೇರಿದೆ. ಕೋಷ್ಟಕ, ನಕ್ಷೆ, ಹಲವು ಮೂಲಗಳ ಮಾಹಿತಿಯನ್ನು ಓದುವ ಪ್ರಶ್ನೆಗಳು ಅದರ ನೆರೆಹೊರೆಯಲ್ಲಿವೆ. ಈ ವಿಭಾಗದಲ್ಲಿ 20 ಪ್ರಶ್ನೆಗಳು, 45 ನಿಮಿಷ. ಒಟ್ಟು ಅಂಕ 205ರಿಂದ 805ರವರೆಗೆ ಇರುತ್ತದೆ, ಮೂರು ವಿಭಾಗಗಳಿಗೂ ಅದರಲ್ಲಿ ಸಮಪಾಲು. ಹಾಗಾಗಿ ಇದನ್ನು ಬದಿಗಿಟ್ಟು ಉಳಿದದ್ದರಲ್ಲಿ ಸರಿದೂಗಿಸುತ್ತೇನೆ ಎಂಬ ಲೆಕ್ಕಾಚಾರ ಈಗ ನಡೆಯುವುದಿಲ್ಲ.

ಉತ್ತರದ ಆಯ್ಕೆಗಳು ಐದು, ಮತ್ತು ಅವು ಯಾವತ್ತೂ ಬದಲಾಗುವುದಿಲ್ಲ:

ಎ: ಮೊದಲ ಹೇಳಿಕೆಯೊಂದೇ ಸಾಕು, ಎರಡನೆಯದೊಂದೇ ಸಾಲದು.
ಬಿ: ಎರಡನೆಯ ಹೇಳಿಕೆಯೊಂದೇ ಸಾಕು, ಮೊದಲನೆಯದೊಂದೇ ಸಾಲದು.
ಸಿ: ಎರಡೂ ಸೇರಿದರೆ ಸಾಕು, ಒಂಟಿಯಾಗಿ ಯಾವುದೂ ಸಾಲದು.
ಡಿ: ಪ್ರತಿಯೊಂದೂ ಒಂಟಿಯಾಗಿಯೇ ಸಾಕು.
ಇ: ಎರಡೂ ಸೇರಿದರೂ ಸಾಲದು.

ಈ ಐದನ್ನು ಪರೀಕ್ಷೆಯ ದಿನ ಪರದೆಯ ಮೇಲೆ ಓದುತ್ತಾ ಕೂರಬಾರದು. ಸ್ವಂತ ಫೋನ್ ನಂಬರಿನಷ್ಟು ಸಲೀಸಾಗಿ ಬಾಯಿಗೆ ಬರಬೇಕು.

ಮೇಲಿನ ಪ್ರಶ್ನೆಗೆ ಹಿಂತಿರುಗೋಣ. ಮೊದಲ ಹೇಳಿಕೆಯಿಂದ ಎಕ್ಸ್ 7 ಆಗಬಹುದು, ಮೈನಸ್ 7 ಕೂಡ ಆಗಬಹುದು. ಎರಡು ಬೆಲೆಗಳು ಬಂದವು, ಸಾಲದು. ಎರಡನೆಯದರಿಂದ ಎಕ್ಸ್ ಯಾವ ಋಣ ಸಂಖ್ಯೆಯಾದರೂ ಆಗಬಹುದು, ಅದೂ ಸಾಲದು. ಸೇರಿಸಿದರೆ ಒಂದೇ ಬೆಲೆ ಉಳಿಯುತ್ತದೆ. ಉತ್ತರ ‘ಸಿ’. ಈಗ ಪ್ರಶ್ನೆಯನ್ನು ತುಸು ಬದಲಿಸಿ, ಎಕ್ಸ್ ಎಂಬುದು ಒಂದು ಕೊಠಡಿಯಲ್ಲಿರುವ ಜನರ ಸಂಖ್ಯೆ ಎನ್ನಿ. ಜನರ ಸಂಖ್ಯೆ ಋಣವಾಗಲಾರದು. ಆಗ ‘ವರ್ಗ 49’ ಎಂಬ ಹೇಳಿಕೆಯೊಂದೇ ಸಾಕು. ಹೇಳಿಕೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ತೀರ್ಪು ಮಾತ್ರ ಬದಲಾಯಿತು. ಎಕ್ಸ್ ಧನ ಸಂಖ್ಯೆಯೇ, ಪೂರ್ಣಾಂಕವೇ, ಸೊನ್ನೆಯಾಗಬಹುದೇ ಎಂಬ ಷರತ್ತುಗಳು ಮೂಲ ಪ್ರಶ್ನೆಯಲ್ಲೇ ಸದ್ದಿಲ್ಲದೆ ಕುಳಿತಿರುತ್ತವೆ. ಅವನ್ನು ಮೊದಲು ಬರೆದಿಟ್ಟುಕೊಳ್ಳದೆ ಹೇಳಿಕೆಗಳ ಕಡೆಗೆ ಕಣ್ಣು ಹಾಯಿಸಬೇಡಿ.

‘ಇಲ್ಲ’ ಎಂಬುದೂ ಉತ್ತರವೇ

ಬೆಲೆ ಕೇಳುವ ಪ್ರಶ್ನೆಗಳಲ್ಲಿ ‘ಸಾಕು’ ಎಂಬುದರ ಅರ್ಥ ಸುಲಭ: ಒಂದೇ ಒಂದು ಬೆಲೆ ಸಿಗಬೇಕು. ಹೌದು-ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳಲ್ಲಿ ಮನಸ್ಸು ಮೋಸಹೋಗುತ್ತದೆ. ನನ್ನ ಅನುಭವದಲ್ಲಿ ಹೊಸಬರ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಎನ್ ಒಂದು ಪೂರ್ಣಾಂಕ. ಎನ್ ಸಮಸಂಖ್ಯೆಯೇ?
(1) ಎನ್‌ನ ವರ್ಗಕ್ಕೆ ಎನ್ ಕೂಡಿಸಿದರೆ ಸಮಸಂಖ್ಯೆ ಬರುತ್ತದೆ.
(2) ಎನ್‌ನ ಮೂರು ಪಟ್ಟಿಗೆ 2 ಕೂಡಿಸಿದರೆ ಬೆಸಸಂಖ್ಯೆ ಬರುತ್ತದೆ.

ಮೊದಲ ಹೇಳಿಕೆ ನೋಡಲು ಗಂಭೀರವಾಗಿದೆ. ಆದರೆ ಎನ್‌ನ ವರ್ಗಕ್ಕೆ ಎನ್ ಕೂಡಿಸುವುದೆಂದರೆ ಎನ್ ಅನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದಂತೆಯೇ. ಅಕ್ಕಪಕ್ಕದ ಎರಡು ಪೂರ್ಣಾಂಕಗಳಲ್ಲಿ ಒಂದು ಸಮಸಂಖ್ಯೆ ಆಗಿಯೇ ತೀರುತ್ತದೆ. ಗುಣಲಬ್ಧ ಯಾವಾಗಲೂ ಸಮ. ಎಂದರೆ ಈ ಹೇಳಿಕೆ ಪ್ರಪಂಚದ ಎಲ್ಲ ಪೂರ್ಣಾಂಕಗಳಿಗೂ ನಿಜ. ಎಲ್ಲರಿಗೂ ಒಪ್ಪುವ ಮಾತಿನಿಂದ ಯಾರ ಗುರುತೂ ಸಿಗುವುದಿಲ್ಲ. ಸಾಲದು.

ಎರಡನೆಯದರಲ್ಲಿ, 2 ಕೂಡಿಸುವುದರಿಂದ ಸಮ-ಬೆಸ ಬದಲಾಗುವುದಿಲ್ಲ. ಹಾಗಾದರೆ ಎನ್‌ನ ಮೂರು ಪಟ್ಟು ಬೆಸ, ಆದ್ದರಿಂದ ಎನ್ ಕೂಡ ಬೆಸ. ‘ಎನ್ ಸಮಸಂಖ್ಯೆಯೇ?’ ಎಂಬ ಪ್ರಶ್ನೆಗೆ ಖಚಿತವಾಗಿ ‘ಇಲ್ಲ’ ಎಂಬ ಉತ್ತರ ಸಿಕ್ಕಿತು.

ಇಲ್ಲಿ ಬಹಳ ಜನ ಹೇಳಿಕೆಯನ್ನು ಹೊಡೆದುಹಾಕುತ್ತಾರೆ. ಉತ್ತರ ‘ಇಲ್ಲ’ ಎಂದು ಬಂದಿದ್ದನ್ನು ಹೇಳಿಕೆ ‘ಸಾಲದು’ ಎಂದು ಓದಿಕೊಳ್ಳುತ್ತಾರೆ. ಇವೆರಡೂ ಬೇರೆ ಬೇರೆ ಮೆಟ್ಟಿಲುಗಳು. ‘ಹೌದು’, ‘ಇಲ್ಲ’ ಎಂಬುವು ಎನ್ ಕುರಿತ ಉತ್ತರಗಳು. ‘ಸಾಕು’, ‘ಸಾಲದು’ ಎಂಬುವು ಹೇಳಿಕೆ ಕುರಿತ ತೀರ್ಪುಗಳು. ಯಾವಾಗಲೂ ‘ಹೌದು’ ಬಂದರೆ ಸಾಕು. ಯಾವಾಗಲೂ ‘ಇಲ್ಲ’ ಬಂದರೂ ಸಾಕು. ಒಮ್ಮೆ ‘ಹೌದು’, ಒಮ್ಮೆ ‘ಇಲ್ಲ’ ಬಂದರೆ ಮಾತ್ರ ಸಾಲದು. ಮೇಲಿನ ಪ್ರಶ್ನೆಯ ಉತ್ತರ ‘ಬಿ’. ಅಭ್ಯಾಸದ ಮೊದಲ ವಾರಗಳಲ್ಲಿ ಕೆಲಸ ಮಾಡುವ ಹಾಳೆಯ ಮೇಲೆ ಎರಡನ್ನೂ ಬರೆಯಿರಿ: ‘ಯಾವಾಗಲೂ ಇಲ್ಲ, ಆದ್ದರಿಂದ ಸಾಕು’ ಎಂದು ಪೂರ್ತಿ ವಾಕ್ಯದಲ್ಲಿ. ಬರೆಯಲು ಹಿಡಿಯುವ ನಾಲ್ಕೈದು ಸೆಕೆಂಡುಗಳು ಮುಂದೆ ಹತ್ತಾರು ತಪ್ಪುಗಳನ್ನು ತಡೆಯುತ್ತವೆ.

ಹೇಳಿಕೆಗಳಿಗಿಂತ ಮೊದಲು ಪ್ರಶ್ನೆಯನ್ನು ಅರಗಿಸಿಕೊಳ್ಳುವುದು

ಪ್ರಶ್ನೆಯನ್ನು ಓದಿದ ಕೂಡಲೇ ಹೇಳಿಕೆಗಳಿಗೆ ಹಾರುವುದು ಸಹಜವಾದ ಚಟ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಕೇಳಿದ್ದನ್ನು ಅದಕ್ಕಿಂತ ಸರಳವಾದ ಮಾತಿನಲ್ಲಿ ಮತ್ತೆ ಕೇಳಿಕೊಳ್ಳಲು ಆಗುತ್ತದೆಯೇ ಎಂದು ಒಂದು ಗಳಿಗೆ ನಿಂತು ನೋಡಿದರೆ ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಒಂದು ಕಂಪನಿಗೆ ಎರಡು ಶಾಖೆಗಳು. ಮೊದಲ ಶಾಖೆಯ ನೌಕರರ ಸರಾಸರಿ ವಯಸ್ಸು 30, ಎರಡನೆಯದರದು 42. ಎರಡೂ ಶಾಖೆಗಳ ಎಲ್ಲ ನೌಕರರ ಸರಾಸರಿ ವಯಸ್ಸು 36ಕ್ಕಿಂತ ಹೆಚ್ಚೇ?
(1) ಎರಡನೆಯ ಶಾಖೆಯಲ್ಲಿ ಮೊದಲನೆಯದಕ್ಕಿಂತ 20 ನೌಕರರು ಹೆಚ್ಚು.
(2) ಒಟ್ಟು ನೌಕರರಲ್ಲಿ ಏಳರಲ್ಲಿ ನಾಲ್ಕು ಪಾಲು ಎರಡನೆಯ ಶಾಖೆಯವರು.

36 ಎಂಬುದು 30 ಮತ್ತು 42ರ ನಟ್ಟನಡುವೆ ಇದೆ. ಎರಡೂ ಕಡೆ ಸಮಾನ ಜನರಿದ್ದರೆ ಸರಾಸರಿ ಸರಿಯಾಗಿ 36. ಒಂದು ಕಡೆ ಜನ ಹೆಚ್ಚಾದರೆ ಸರಾಸರಿ ಆ ಕಡೆಗೆ ವಾಲುತ್ತದೆ. ಹಾಗಾಗಿ ನಿಜವಾದ ಪ್ರಶ್ನೆ ಇದು: ಎರಡನೆಯ ಶಾಖೆಯಲ್ಲಿ ಹೆಚ್ಚು ಜನರಿದ್ದಾರೆಯೇ? ಇಷ್ಟು ತಿಳಿದ ಮೇಲೆ ಎರಡು ಹೇಳಿಕೆಗಳನ್ನೂ ಒಂದೊಂದು ನೋಟದಲ್ಲಿ ತೀರ್ಮಾನಿಸಬಹುದು. ಎರಡೂ ‘ಹೌದು’ ಎನ್ನುತ್ತವೆ. ಉತ್ತರ ‘ಡಿ’. ಪೆನ್ನು ಎತ್ತುವ ಅಗತ್ಯವೇ ಬರಲಿಲ್ಲ.

ಇದೇ ಮಾಹಿತಿಯನ್ನು ಇಟ್ಟುಕೊಂಡು ‘ಎಲ್ಲ ನೌಕರರ ಸರಾಸರಿ ವಯಸ್ಸು ಎಷ್ಟು?’ ಎಂದು ಕೇಳಿದ್ದರೆ? ಆಗ 20 ಜನ ಹೆಚ್ಚು ಎಂಬುದು ಸಾಲದು. ಮೊದಲ ಶಾಖೆಯಲ್ಲಿ 5 ಜನ, ಎರಡನೆಯದರಲ್ಲಿ 25 ಜನರಿದ್ದರೆ ಸರಾಸರಿ 40ಕ್ಕೆ ಬರುತ್ತದೆ. 1,000 ಮತ್ತು 1,020 ಜನರಿದ್ದರೆ 36ನ್ನು ದಾಟಿದ್ದೇ ಕಾಣುವುದಿಲ್ಲ. ಎರಡನೆಯ ಹೇಳಿಕೆ ಮಾತ್ರ ಸಾಕು, ಏಕೆಂದರೆ ಸರಾಸರಿಗೆ ಬೇಕಾಗಿರುವುದು ಎರಡು ಕಡೆಯ ಪಾಲು, ತಲೆಎಣಿಕೆಯಲ್ಲ. ಉತ್ತರ ‘ಡಿ’ಯಿಂದ ‘ಬಿ’ಗೆ ಜಾರಿತು. ಹೇಳಿಕೆಗಳು ಅವೇ, ಬದಲಾದದ್ದು ನಾವು ಎಷ್ಟನ್ನು ತಿಳಿಯಬೇಕು ಎಂಬುದು. ಡೇಟಾ ಸಫಿಷಿಯೆನ್ಸಿಯ ಜೀವ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಯಾವ ಮಾಹಿತಿಯೂ ತನ್ನಷ್ಟಕ್ಕೆ ತಾನೇ ಸಾಕು ಅಥವಾ ಸಾಲದು ಎಂದಾಗುವುದಿಲ್ಲ. ಯಾವ ಪ್ರಶ್ನೆಗೆ ಎಂಬುದು ಗೊತ್ತಾದ ಮೇಲಷ್ಟೇ ಆ ಮಾತಿಗೆ ಅರ್ಥ. ವ್ಯವಹಾರ ನಡೆಸಲು ಕಲಿಯುವವರಿಗೆ ಈ ಪ್ರಶ್ನೆಗಳನ್ನು ಇಟ್ಟಿರುವುದು ಸೂಕ್ತವೆಂದು ನಾನು ನಂಬುವುದೂ ಇದೇ ಕಾರಣಕ್ಕೆ. ಕೈಯಲ್ಲಿರುವ ಮಾಹಿತಿಯಿಂದ ಈ ನಿರ್ಧಾರ ಸಾಧ್ಯವೇ, ಇನ್ನೂ ಕಾಯಬೇಕೇ ಎಂದು ತೂಗುವವರೇ ನಾಳೆ ಅವರು.

ಪಾಲು ಮತ್ತು ತಲೆಎಣಿಕೆಯ ಈ ವ್ಯತ್ಯಾಸ ಶೇಕಡಾ, ಅನುಪಾತ, ಮಿಶ್ರಣದ ಪ್ರಶ್ನೆಗಳಲ್ಲೆಲ್ಲ ಮತ್ತೆ ಮತ್ತೆ ಬರುತ್ತದೆ. ಒಂದು ಗ್ರಂಥಾಲಯದ ಸದಸ್ಯರ ಸಂಖ್ಯೆ ಶೇಕಡಾ ಎಷ್ಟು ಹೆಚ್ಚಿತು ಎಂದು ಕೇಳಿದರೆ, ‘ಸದಸ್ಯರು 240 ಹೆಚ್ಚಾದರು’ ಎಂಬುದು ಸಾಲದು, ‘ಈ ವರ್ಷದ ಸಂಖ್ಯೆ ಕಳೆದ ವರ್ಷದ ಒಂದೂಕಾಲು ಪಟ್ಟು’ ಎಂಬುದು ಸಾಕು. ಈಗ ಎಷ್ಟು ಸದಸ್ಯರಿದ್ದಾರೆ ಎಂದು ಕೇಳಿದರೆ ಎರಡೂ ಬೇಕಾಗುತ್ತವೆ. ಉತ್ತರ ಪಾಲಿನ ರೂಪದಲ್ಲಿದ್ದರೆ ಪಾಲುಗಳಿಂದಲೇ ಅದು ಸಿಗಬಹುದು. ಉತ್ತರ ಎಣಿಕೆಯ ರೂಪದಲ್ಲಿದ್ದರೆ ಎಲ್ಲೋ ಒಂದು ಕಡೆ ನಿಜವಾದ ಎಣಿಕೆಯೊಂದು ಇರಲೇಬೇಕು.

ಎರಡೂ ಬೇಕೆನಿಸುವ ಮೋಹ

ಪ್ರಶ್ನೆ ತಯಾರಿಸುವವರಿಗೆ ನಮ್ಮ ಶಾಲೆಯ ಅಭ್ಯಾಸಗಳು ಚೆನ್ನಾಗಿ ಗೊತ್ತು. ‘ಎರಡು ಅಪರಿಚಿತ ಸಂಖ್ಯೆಗಳಿಗೆ ಎರಡು ಸಮೀಕರಣ ಬೇಕು’ ಎಂಬ ಸೂತ್ರ ಅಂಥ ಅಭ್ಯಾಸಗಳಲ್ಲಿ ಮೊದಲನೆಯದು.

ಒಂದು ಸ್ಪರ್ಧೆಯಲ್ಲಿ ಕೆಲವು ಪ್ರಶ್ನೆಗಳಿಗೆ ತಲಾ 7 ಅಂಕ, ಉಳಿದವಕ್ಕೆ ತಲಾ 4 ಅಂಕ. ತಪ್ಪು ಉತ್ತರಕ್ಕೆ ಅಂಕವಿಲ್ಲ. ಸ್ಪರ್ಧಿಯೊಬ್ಬರು 7 ಅಂಕದ ಎಷ್ಟು ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟರು?
(1) ಅವರು ಗಳಿಸಿದ ಒಟ್ಟು ಅಂಕ 41.
(2) ಅವರು ಒಟ್ಟು 8 ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟರು.

ಎರಡು ಸಮೀಕರಣಗಳು ಕಣ್ಣಿಗೆ ರಾಚುವಂತೆ ಇವೆ. ‘ಸಿ’ ಎಂದು ಗುರುತು ಹಾಕಿ ಮುಂದೆ ಹೋಗುವ ಆಸೆ ಬಲವಾಗಿಯೇ ಇರುತ್ತದೆ. ಆದರೆ ಸರಿ ಉತ್ತರಗಳ ಸಂಖ್ಯೆ ಪೂರ್ಣ ಸಂಖ್ಯೆಯೇ ಆಗಬೇಕು, ಒಂದೂವರೆ ಪ್ರಶ್ನೆಗೆ ಯಾರೂ ಸರಿ ಉತ್ತರ ಕೊಡುವುದಿಲ್ಲ. 41ರಿಂದ 7ನ್ನು ಒಂದೊಂದಾಗಿ ಕಳೆಯುತ್ತಾ ಹೋಗಿ: 41, 34, 27, 20, 13, 6. ಇವುಗಳಲ್ಲಿ 4ರಿಂದ ಭಾಗವಾಗುವುದು 20 ಮಾತ್ರ. ಎಂದರೆ 7 ಅಂಕದವು ಮೂರು, 4 ಅಂಕದವು ಐದು. ಬೇರೆ ದಾರಿಯೇ ಇಲ್ಲ. ಮೊದಲ ಹೇಳಿಕೆಯೊಂದೇ ಸಾಕು. ಎರಡನೆಯದು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಉತ್ತರ ‘ಎ’.

ಈಗ ಒಟ್ಟು ಅಂಕವನ್ನು 53 ಮಾಡಿ. 53, 46, 39, 32, 25, 18, 11, 4. ಇಲ್ಲಿ 32 ಮತ್ತು 4 ಎರಡೂ 4ರಿಂದ ಭಾಗವಾಗುತ್ತವೆ: ಮೂರು ಮತ್ತು ಎಂಟು, ಇಲ್ಲವೇ ಏಳು ಮತ್ತು ಒಂದು. ಎರಡು ಉತ್ತರಗಳು ಬಂದವು, ಸಾಲದು. ಒಟ್ಟು ಎಂಟು ಸರಿ ಉತ್ತರಗಳು ಎಂಬುದನ್ನು ಸೇರಿಸಿದ ಮೇಲೆಯೇ ಏಳು ಮತ್ತು ಒಂದು ಎಂದು ಖಚಿತವಾಗುತ್ತದೆ. ಉತ್ತರ ‘ಸಿ’. ಒಂದು ಸಂಖ್ಯೆ ಬದಲಾದದ್ದಕ್ಕೆ ತೀರ್ಪೇ ಬದಲಾಯಿತಲ್ಲ! ಆದ್ದರಿಂದಲೇ ‘ಇಂಥ ಪ್ರಶ್ನೆಗೆ ಎ ಉತ್ತರ’ ಎಂದು ಬಾಯಿಪಾಠ ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಪೂರ್ಣ ಸಂಖ್ಯೆಯ ಷರತ್ತು ಕಂಡಾಗ ಮಾತ್ರ ಕೈಯಾರೆ ಎಣಿಸಿ ನೋಡಲೇಬೇಕು. ಡೇಟಾ ಸಫಿಷಿಯೆನ್ಸಿಯಲ್ಲಿ ಲೆಕ್ಕ ಮಾಡಲು ಬೇಸರಿಸಬಾರದ ಕೆಲವೇ ಜಾಗಗಳಲ್ಲಿ ಇದೊಂದು.

ಇದೇ ಸೂತ್ರ ಎದುರು ದಿಕ್ಕಿನಲ್ಲೂ ಕೈಕೊಡುತ್ತದೆ. ಎಕ್ಸ್‌ನ ಎರಡು ಪಟ್ಟು ಮತ್ತು ವೈನ ಮೂರು ಪಟ್ಟು ಸೇರಿ 12 ಎಂದು ಒಂದು ಹೇಳಿಕೆ, ಎಕ್ಸ್‌ನ ನಾಲ್ಕು ಪಟ್ಟು ಮತ್ತು ವೈನ ಆರು ಪಟ್ಟು ಸೇರಿ 24 ಎಂದು ಇನ್ನೊಂದು. ಎರಡು ಸಮೀಕರಣಗಳಂತೆ ಕಂಡರೂ ಎರಡನೆಯದು ಮೊದಲನೆಯದರ ದುಪ್ಪಟ್ಟು, ಅಷ್ಟೇ. ಒಂದೇ ಸಾಕ್ಷಿ ಎರಡು ಅಂಗಿ ತೊಟ್ಟು ಎರಡು ಸಲ ಕಟಕಟೆ ಹತ್ತಿದಂತೆ. ಇಲ್ಲಿ ಎಕ್ಸ್‌ನ ಬೆಲೆ ಕೇಳಿದ್ದರೆ ಉತ್ತರ ‘ಇ’. ಇನ್ನು, ‘ವರ್ಗ ಸಮೀಕರಣ ಕಂಡರೆ ಎರಡು ಉತ್ತರ, ಆದ್ದರಿಂದ ಸಾಲದು’ ಎಂಬ ನಂಬಿಕೆಯನ್ನೂ ಕೈಬಿಡಿ. ಎಕ್ಸ್‌ನಿಂದ 3 ಕಳೆದು ವರ್ಗ ಮಾಡಿದರೆ ಸೊನ್ನೆ ಬರುತ್ತದೆ ಎಂಬುದೂ ವರ್ಗ ಸಮೀಕರಣವೇ, ಅದಕ್ಕೆ ಉತ್ತರ 3 ಒಂದೇ.

ನಾನು ಕಂಡಂತೆ, ‘ಸಿ’ ಬಹಳ ಸಲೀಸಾಗಿ ಬಂದಾಗ ಒಮ್ಮೆ ಅನುಮಾನಿಸುವುದು ಒಳ್ಳೆಯದು. ಎರಡೂ ಹೇಳಿಕೆಗಳನ್ನು ಸೇರಿಸಿದರೆ ಉತ್ತರ ಸಿಗುವುದು ಯಾವ ಪ್ರಯತ್ನವೂ ಇಲ್ಲದೆ ಕಂಡರೆ, ಪ್ರಶ್ನೆ ಕಷ್ಟದ್ದಾಗಿದ್ದರೆ, ಒಂದೇ ಹೇಳಿಕೆಯಲ್ಲಿ ನಾವು ಕಾಣದ ಏನೋ ಅಡಗಿರಬಹುದು.

ಉತ್ತರ ಸಿಗುವುದೆಂದು ತೋರಿಸಲು ಹೊರಡಬೇಡಿ, ಕೆಡವಲು ಹೊರಡಿ

ಸಂಖ್ಯೆಗಳನ್ನು ಹಾಕಿ ನೋಡುವ ವಿಧಾನ ಎಲ್ಲರಿಗೂ ಗೊತ್ತು. ಆದರೆ ಅದನ್ನು ಯಾವ ಉದ್ದೇಶದಿಂದ ಮಾಡುತ್ತೇವೆ ಎಂಬುದು ಮುಖ್ಯ. 2, 3, 10 ಎಂದು ಒಂದೇ ಜಾತಿಯ ಸಂಖ್ಯೆಗಳನ್ನು ಹಾಕಿ ಮೂರು ಸಲವೂ ‘ಹೌದು’ ಬಂತೆಂದು ಸಂತೋಷಪಟ್ಟರೆ ಅದರಿಂದ ಏನೂ ಸಾಬೀತಾಗಲಿಲ್ಲ. ಮೊದಲ ಸಂಖ್ಯೆ ‘ಹೌದು’ ಕೊಟ್ಟ ಕೂಡಲೇ ನಿಮ್ಮ ಕೆಲಸ ‘ಇಲ್ಲ’ ಕೊಡುವ ಸಂಖ್ಯೆಯನ್ನು ಬೇಟೆಯಾಡುವುದು. ಸಿಕ್ಕರೆ ‘ಸಾಲದು’ ಎಂದು ಅಲ್ಲಿಗೇ ಮುಗಿಯಿತು. ಎಷ್ಟು ಹುಡುಕಿದರೂ ಸಿಗದಿದ್ದರೆ, ಅದು ಏಕೆ ಸಿಗುತ್ತಿಲ್ಲ ಎಂಬ ಕಾರಣವನ್ನು ಹುಡುಕಿ. ಆ ಕಾರಣವೇ ‘ಸಾಕು’ ಎಂಬುದರ ಪುರಾವೆ.

ಬೇಟೆಗೆ ಒದಗುವ ಸಂಖ್ಯೆಗಳು ಇವು: ಸೊನ್ನೆ, ಒಂದು, ಮೈನಸ್ ಒಂದು, ಸೊನ್ನೆ ಮತ್ತು ಒಂದರ ನಡುವಿನ ಭಿನ್ನರಾಶಿ, ಒಂದು ದೊಡ್ಡ ಋಣ ಸಂಖ್ಯೆ.

ಎಕ್ಸ್‌ನ ವರ್ಗ ಎಕ್ಸ್‌ಗಿಂತ ಹೆಚ್ಚೇ?
(1) ಎಕ್ಸ್ ಧನ ಸಂಖ್ಯೆ.
(2) ಎಕ್ಸ್ ಪೂರ್ಣಾಂಕ.

ಮೊದಲನೆಯದರಲ್ಲಿ 2 ಹಾಕಿದರೆ ಹೌದು, ಅರ್ಧ ಹಾಕಿದರೆ ಇಲ್ಲ. ಎರಡನೆಯದರಲ್ಲಿ 2 ಹಾಕಿದರೆ ಹೌದು, ಸೊನ್ನೆ ಹಾಕಿದರೆ ಇಲ್ಲ. ಎರಡನ್ನೂ ಸೇರಿಸಿದಾಗ ಭಿನ್ನರಾಶಿಯೂ ಹೋಯಿತು, ಸೊನ್ನೆಯೂ ಹೋಯಿತು, ಇನ್ನು ಅಡ್ಡಿಯಿಲ್ಲವೆಂದು ‘ಸಿ’ ಗುರುತು ಹಾಕುವವರು ಒಂದು ಎಂಬ ಸಂಖ್ಯೆಯನ್ನು ಮರೆತಿರುತ್ತಾರೆ. ಒಂದರ ವರ್ಗ ಒಂದೇ, ತನಗಿಂತ ಹೆಚ್ಚಲ್ಲ. ಉತ್ತರ ‘ಇ’.

ಅಸಮತೆಗಳಲ್ಲಿ ಋಣ ಸಂಖ್ಯೆಗಳು ಇನ್ನೂ ಅಪಾಯಕಾರಿ. ‘ಎಕ್ಸ್ ವೈಗಿಂತ ದೊಡ್ಡದೇ?’ ಎಂಬ ಪ್ರಶ್ನೆಗೆ ‘(1) ಎಕ್ಸ್ ಅನ್ನು ವೈನಿಂದ ಭಾಗಿಸಿದರೆ 1ಕ್ಕಿಂತ ಹೆಚ್ಚು ಬರುತ್ತದೆ, (2) ವೈ ಋಣ ಸಂಖ್ಯೆ’ ಎಂಬ ಹೇಳಿಕೆಗಳಿವೆ ಎನ್ನಿ. ಮೊದಲನೆಯದನ್ನು ನೋಡಿ ಎರಡೂ ಬದಿಯನ್ನು ವೈನಿಂದ ಗುಣಿಸಿ ‘ಎಕ್ಸ್ ದೊಡ್ಡದು’ ಎಂದು ಬರೆಯುವುದು ಬಹಳ ಸುಲಭ. ಆದರೆ ವೈನ ಚಿಹ್ನೆ ಗೊತ್ತಿಲ್ಲದೆ ಅಸಮತೆಯನ್ನು ವೈನಿಂದ ಗುಣಿಸುವಂತಿಲ್ಲ. 2 ಮತ್ತು 1 ಹಾಕಿದರೆ ಹೌದು. ಮೈನಸ್ 2 ಮತ್ತು ಮೈನಸ್ 1 ಹಾಕಿದರೆ ಭಾಗಲಬ್ಧ ಅದೇ 2, ಆದರೆ ಎಕ್ಸ್ ಚಿಕ್ಕದು. ಸಾಲದು. ಎರಡನೆಯದೊಂದೇ ಎಕ್ಸ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೇರಿಸಿದರೆ, ವೈ ಋಣವಾದ್ದರಿಂದ ಗುಣಿಸುವಾಗ ಚಿಹ್ನೆ ತಿರುಗುತ್ತದೆ, ಎಕ್ಸ್ ಯಾವಾಗಲೂ ವೈಗಿಂತ ಚಿಕ್ಕದು. ಖಚಿತವಾದ ‘ಇಲ್ಲ’. ಉತ್ತರ ‘ಸಿ’.

ಈ ಉದಾಹರಣೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಮೊದಲ ಹೇಳಿಕೆಯನ್ನು ತೂಗಿ ಎರಡನೆಯದಕ್ಕೆ ಬರುವಾಗ ಮೊದಲನೆಯದನ್ನು ಮನಸ್ಸಿನಿಂದ ಪೂರ್ತಿ ಅಳಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಈಗಷ್ಟೇ ತಿಳಿದದ್ದನ್ನು ತಿಳಿಯದಂತೆ ಇರುವುದು ಮನಸ್ಸಿಗೆ ಒಗ್ಗುವುದಿಲ್ಲ. ಎರಡನೆಯ ಹೇಳಿಕೆಯನ್ನು ಓದುವಾಗ ಮೊದಲನೆಯದನ್ನು ಬೆರಳಿನಿಂದ ಮುಚ್ಚಿ ಅಭ್ಯಾಸ ಮಾಡಿದವರನ್ನು ನಾನು ಬಲ್ಲೆ. ಅದು ಕೆಲಸ ಮಾಡುತ್ತದೆ.

ನೆನಪಿಡಬೇಕಾದ ಒಂದು ಆಸರೆಯೂ ಇದೆ. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳೂ ನಿಜವೆಂದೇ ತಿಳಿಯಬೇಕು, ಮತ್ತು ಅವು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಮೊದಲನೆಯದರಿಂದ ಎಕ್ಸ್ 5 ಮಾತ್ರ ಎಂದೂ ಎರಡನೆಯದರಿಂದ 8 ಮಾತ್ರ ಎಂದೂ ಬಂದರೆ ಪ್ರಶ್ನೆಯಲ್ಲಿ ತಪ್ಪಿಲ್ಲ, ನಿಮ್ಮ ಲೆಕ್ಕದಲ್ಲಿದೆ. ಪುಕ್ಕಟೆಯಾಗಿ ಸಿಗುವ ಈ ತಾಳೆಯನ್ನು ಬಿಡಬೇಡಿ.

ಗಣಿತವೇ ಇಲ್ಲದ ಪ್ರಶ್ನೆಗಳು

ಡೇಟಾ ಇನ್‌ಸೈಟ್ಸ್‌ಗೆ ಸೇರಿದ ಮೇಲೆ ಸಮೀಕರಣಗಳಿಲ್ಲದ, ಬರೀ ತರ್ಕದಿಂದ ಬಿಡಿಸುವ ಪ್ರಶ್ನೆಗಳೂ ಇಲ್ಲಿ ಬರುತ್ತವೆ. ಇವಕ್ಕೆ ಹೊಸ ವಿಧಾನ ಬೇಕಿಲ್ಲ.

ಲೆಕ್ಕಪತ್ರ, ಮಾರಾಟ, ಸಂಶೋಧನೆ ಎಂಬ ಮೂರು ವಿಭಾಗಗಳ ಸಭೆಗಳು ಸೋಮವಾರದಿಂದ ಬುಧವಾರದವರೆಗೆ ದಿನಕ್ಕೊಂದರಂತೆ ನಡೆದವು. ಮಾರಾಟ ವಿಭಾಗದ ಸಭೆ ಯಾವ ದಿನ?
(1) ಲೆಕ್ಕಪತ್ರ ವಿಭಾಗದ ಸಭೆ ಮಾರಾಟ ವಿಭಾಗದ ಸಭೆಯ ನಂತರ ನಡೆಯಿತು.
(2) ಲೆಕ್ಕಪತ್ರ ವಿಭಾಗದ ಸಭೆಯ ಮರುದಿನವೇ ಸಂಶೋಧನಾ ವಿಭಾಗದ ಸಭೆ ನಡೆಯಿತು.

ಮೊದಲನೆಯದರ ಪ್ರಕಾರ ಮಾರಾಟದ ಸಭೆ ಸೋಮವಾರ ಅಥವಾ ಮಂಗಳವಾರ. ಎರಡನೆಯದರ ಪ್ರಕಾರ ಲೆಕ್ಕಪತ್ರ-ಸಂಶೋಧನೆ ಜೋಡಿಯಾಗಿ ಬರಬೇಕು, ಮಾರಾಟಕ್ಕೆ ಉಳಿಯುವುದು ಒಂದು ತುದಿ: ಸೋಮವಾರ ಅಥವಾ ಬುಧವಾರ. ಎರಡರಲ್ಲೂ ಉಳಿಯುವುದು ಸೋಮವಾರವೊಂದೇ. ಉತ್ತರ ‘ಸಿ’. ಇಂಥಲ್ಲಿ ಸಾಧ್ಯತೆಗಳನ್ನು ಪೂರ್ತಿಯಾಗಿ ಬರೆದುಕೊಳ್ಳುವುದೇ ವೇಗದ ದಾರಿ. ‘ನಂತರ’ ಮತ್ತು ‘ಮರುದಿನವೇ’ ಎಂಬ ಪದಗಳ ನಡುವಿನ ಅಂತರವನ್ನು ಅವಸರದಲ್ಲಿ ಓದಿ ಅಳಿಸಿಬಿಟ್ಟರೆ ಮಾತ್ರ ಯಾವ ವಿಧಾನವೂ ಕಾಯುವುದಿಲ್ಲ.

ಸಮಯ, ಮತ್ತು ತಿಳಿಯದೆ ಹೋದಾಗ

45 ನಿಮಿಷಕ್ಕೆ 20 ಪ್ರಶ್ನೆಗಳೆಂದರೆ ಒಂದಕ್ಕೆ ಸರಾಸರಿ ಎರಡೂಕಾಲು ನಿಮಿಷ. ಹಲವು ಮೂಲಗಳನ್ನು ಓದಬೇಕಾದ ಪ್ರಶ್ನೆಗಳು ಅದಕ್ಕಿಂತ ಹೆಚ್ಚು ಸಮಯ ತಿನ್ನುತ್ತವೆ. ಆದ್ದರಿಂದ ಡೇಟಾ ಸಫಿಷಿಯೆನ್ಸಿಯಲ್ಲಿ ಸಮಯ ಉಳಿಸುವುದು ಜಾಣತನ. ಈ ವಿಭಾಗದಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಸಿಗುತ್ತದೆ, ಆದರೆ ಇಂಥ ಪ್ರಶ್ನೆಯಲ್ಲಿ ಕೈ ಅದರತ್ತ ಹೋದಾಗಲೆಲ್ಲ ಒಮ್ಮೆ ತಡೆಯಿರಿ. ಬೆಲೆ ಸಿಗುತ್ತದೆ ಎಂಬುದು ಗೊತ್ತಾದ ಮೇಲೆ ಅದು 17.3ವೋ 18.6ವೋ ಎಂಬುದು ನಮಗೆ ಬೇಡದ ವಿಷಯ.

ಪ್ರಶ್ನೆಗೆ ಉತ್ತರ ಗುರುತಿಸದೆ ಮುಂದಿನದಕ್ಕೆ ಹೋಗಲು ಜಿಮ್ಯಾಟ್ ಬಿಡುವುದಿಲ್ಲ. ಹಾಗಾಗಿ ಊಹಿಸುವ ಪ್ರಸಂಗ ಎಲ್ಲರಿಗೂ ಬರುತ್ತದೆ, ಅದನ್ನೂ ಕ್ರಮವಾಗಿ ಮಾಡಬಹುದು. ಮೊದಲ ಹೇಳಿಕೆ ಸಾಕು ಎಂದು ಗೊತ್ತಾದರೆ ಉಳಿಯುವುದು ‘ಎ’ ಮತ್ತು ‘ಡಿ’ ಮಾತ್ರ. ಸಾಲದು ಎಂದಾದರೆ ಉಳಿಯುವುದು ‘ಬಿ’, ‘ಸಿ’, ‘ಇ’. ಮೊದಲ ಹೇಳಿಕೆ ಕಬ್ಬಿಣದ ಕಡಲೆಯಾಗಿದ್ದರೆ ಎರಡನೆಯದರಿಂದ ಶುರುಮಾಡಿ: ಅದು ಸಾಕಾದರೆ ‘ಬಿ’ ಅಥವಾ ‘ಡಿ’, ಸಾಲದಾದರೆ ‘ಎ’, ‘ಸಿ’, ‘ಇ’. ಒಂದೇ ಒಂದು ಹೇಳಿಕೆಯನ್ನು ಸರಿಯಾಗಿ ತೂಗಿದರೂ ಐದು ಆಯ್ಕೆಗಳು ಎರಡಕ್ಕೋ ಮೂರಕ್ಕೋ ಇಳಿಯುತ್ತವೆ. ಅನುಮಾನವಿರುವ ಪ್ರಶ್ನೆಗೆ ಗುರುತು ಹಾಕಿಟ್ಟು, ಸಮಯ ಉಳಿದಿದ್ದರೆ ವಿಭಾಗದ ಕೊನೆಯಲ್ಲಿ ಹಿಂತಿರುಗಬಹುದು. ಒಂದು ವಿಭಾಗದಲ್ಲಿ ಮೂರು ಉತ್ತರಗಳವರೆಗೆ ಬದಲಿಸಲು ಅವಕಾಶವಿದೆ.

ಅಭ್ಯಾಸ ಮಾಡುವಾಗ ಸರಿ-ತಪ್ಪಿನ ಗುರುತಷ್ಟೇ ಹಾಕಿಕೊಳ್ಳಬೇಡಿ. ತಪ್ಪಾದ ಪ್ರತಿಯೊಂದರ ಪಕ್ಕದಲ್ಲಿ ಎಲ್ಲಿ ಜಾರಿದಿರಿ ಎಂದು ಒಂದು ಸಾಲು ಬರೆಯಿರಿ: ಷರತ್ತನ್ನು ಓದಲಿಲ್ಲವೇ, ‘ಇಲ್ಲ’ವನ್ನು ‘ಸಾಲದು’ ಎಂದುಕೊಂಡಿರೇ, ಮೊದಲ ಹೇಳಿಕೆಯನ್ನು ಎರಡನೆಯದಕ್ಕೆ ಹೊತ್ತು ತಂದಿರೇ, ಬೇಟೆಯನ್ನು ಬೇಗ ನಿಲ್ಲಿಸಿದಿರೇ. ನಲವತ್ತು ಐವತ್ತು ಪ್ರಶ್ನೆಗಳ ನಂತರ ಒಂದೇ ಬಗೆಯ ಸಾಲು ಮತ್ತೆ ಮತ್ತೆ ಕಾಣಿಸತೊಡಗಿದರೆ ಏನನ್ನು ತಿದ್ದಿಕೊಳ್ಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಕೆಳಗಿನ ವಿವರಣೆಯನ್ನು ಕೈಯಿಂದ ಮುಚ್ಚಿ ಮೊದಲು ನೀವೇ ಪ್ರಯತ್ನಿಸಿ.

ಪಿ ಮತ್ತು ಕ್ಯೂ ಧನ ಪೂರ್ಣಾಂಕಗಳು. ಅವುಗಳ ಮೊತ್ತ 10ಕ್ಕಿಂತ ಹೆಚ್ಚೇ?
(1) ಪಿ ಮತ್ತು ಕ್ಯೂಗಳ ಗುಣಲಬ್ಧ 24.
(2) ಪಿ ಕ್ಯೂಗಿಂತ 2 ಹೆಚ್ಚು.

ಮೊದಲ ಹೇಳಿಕೆಗೆ 1 ಮತ್ತು 24 ಹಾಕಿದರೆ ಮೊತ್ತ 25, ಹೌದು. 2 ಮತ್ತು 12 ಹಾಕಿದರೆ 14, ಹೌದು. 3 ಮತ್ತು 8 ಹಾಕಿದರೆ 11, ಮತ್ತೆ ಹೌದು. ಇಲ್ಲಿಗೆ ನಿಲ್ಲಿಸಿದವರು ‘ಸಾಕು’ ಎಂದು ಬರೆದು ‘ಎ’ ಕಡೆಗೆ ಹೋಗಿರುತ್ತಾರೆ. ಉಳಿದಿರುವ ಜೋಡಿ 4 ಮತ್ತು 6. ಮೊತ್ತ ಸರಿಯಾಗಿ 10, ಅದು 10ಕ್ಕಿಂತ ಹೆಚ್ಚಲ್ಲ. ಸಾಲದು. ಎರಡನೆಯ ಹೇಳಿಕೆಗೆ 3 ಮತ್ತು 1 ಹಾಕಿದರೆ ಇಲ್ಲ, 102 ಮತ್ತು 100 ಹಾಕಿದರೆ ಹೌದು. ಅದೂ ಸಾಲದು. ಎರಡನ್ನೂ ಸೇರಿಸಿದರೆ ಗುಣಲಬ್ಧ 24 ಆಗುವ ಜೋಡಿಗಳಲ್ಲಿ ವ್ಯತ್ಯಾಸ 2 ಇರುವುದು 6 ಮತ್ತು 4 ಮಾತ್ರ. ಮೊತ್ತ 10. ಕೇಳಿದ ಪ್ರಶ್ನೆಗೆ ಉತ್ತರ ‘ಇಲ್ಲ’, ಅದೂ ಖಚಿತವಾಗಿ. ಗುರುತಿಸಬೇಕಾದದ್ದು ‘ಸಿ’.